ಲಗ್ನವನ್ನು ಶನಿ ನೋಡಿದಾಗ: ನನ್ನ ಅನುಭವ

ದಾವಣಗೆರೆಯ ನಮ್ಮ ಮನೆಯಲ್ಲಿ ಸಂಜೆಯ ಹೊತ್ತು ಬಂದವರ ಜಾತಕ ನೋಡುತ್ತ ಇಪ್ಪತ್ತು ವರ್ಷಗಳಿಗೂ ಹೆಚ್ಚಾಗಿದ್ದರೂ, ನನ್ನದೇ ಜಾತಕಕ್ಕೆ ಹೊಸದಾಗಿ ಗಣಿತ ಮಾಡಿದ್ದು ಬಹಳ ತಡವಾಗಿ. 1972ರ ನವರಾತ್ರಿಯಲ್ಲಿ ಇದೇ ಊರಿನಲ್ಲಿ ರಾತ್ರಿ ಎರಡೂಕಾಲಿಗೆ ನಾನು ಹುಟ್ಟಿದಾಗ ಹಿರಿಯರು ಬರೆಸಿದ್ದ ಜಾತಕದಲ್ಲಿ ಲಗ್ನ, ಅಂದರೆ ಹುಟ್ಟಿದ ಹೊತ್ತಿಗೆ ಪೂರ್ವದಲ್ಲಿ ಉದಯಿಸುತ್ತಿದ್ದ ರಾಶಿ, ಸಿಂಹವೆಂದಿತ್ತು. ಲಗ್ನದಿಂದ ಐದನೆಯ ಮನೆಯಲ್ಲಿ, ತನ್ನದೇ ರಾಶಿಯಾದ ಧನುಸ್ಸಿನಲ್ಲಿರುವ ಗುರುವು ಒಂಬತ್ತನೆಯ ದೃಷ್ಟಿಯಿಂದ, ಅಂದರೆ ತಾನಿರುವ ರಾಶಿಯಿಂದ ಎಣಿಸಿ ಒಂಬತ್ತನೆಯದರ ಮೇಲೆ ಬೀಳುವ ನೋಟದಿಂದ, ಲಗ್ನವನ್ನು ನೋಡುತ್ತಾನೆ, ಹುಡುಗ ನಾಲ್ಕು ಜನರ ನಡುವೆ ಎದೆಯೆತ್ತಿ ನಿಲ್ಲುತ್ತಾನೆ ಎಂದು ಮನೆಯವರೆಲ್ಲ ನಂಬಿದ್ದರು, ನಾನೂ ಹಾಗೆಯೇ ಕಾಣಿಸಿಕೊಳ್ಳಲು ಹೆಣಗಿದೆ. ಕಾಲೇಜಿನಲ್ಲಿ ಪಾಠ ಹೇಳುವಾಗ ಅದು ಸಾಧ್ಯವಾಗುತ್ತಿತ್ತು. ತಂದೆಯವರು ತೀರಿಕೊಂಡ ಮೇಲೆ ಕೆಲಸಕ್ಕೆ ಹಿಂದಿರುಗಿದ ದಿನ, ಸಹೋದ್ಯೋಗಿಯೊಬ್ಬರು ನನ್ನ ಕೈ ಹಿಡಿದು ಹೇಗಿದ್ದೀರಿ ಎಂದು ಕೇಳಿದಾಗ ಮಾತ್ರ, ಆರಾಮಾಗಿದ್ದೇನೆ ಎಂದು ನಕ್ಕು ತರಗತಿಗೆ ನಡೆದುಬಿಟ್ಟೆ. ಆ ನಗು ನನಗೇ ಹೇಸಿಗೆ ತಂದಿತು.

ಕೆಲವು ವಾರಗಳ ನಂತರ ಹಳೆಯ ಜಾತಕವನ್ನು ತೆಗೆದು ಕುಳಿತೆ. ಭಾರತೀಯ ಕಾಲಮಾನವನ್ನು 82.5 ಡಿಗ್ರಿ ಪೂರ್ವ ರೇಖಾಂಶಕ್ಕೆ ಲೆಕ್ಕ ಹಾಕುತ್ತಾರೆ. ದಾವಣಗೆರೆ ಇರುವುದು ಸುಮಾರು 75.9 ಡಿಗ್ರಿಯಲ್ಲಿ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ನಮ್ಮೂರಿನ ಸ್ಥಳೀಯ ಕಾಲವು ಗಡಿಯಾರಕ್ಕಿಂತ ಸುಮಾರು 26 ನಿಮಿಷ ಹಿಂದಿರುತ್ತದೆ. ಬರೆದವರು ಈ ಅಂತರವನ್ನು ಕಳೆದಿರಲಿಲ್ಲ. ಲಗ್ನವು ಒಂದು ರಾಶಿಯನ್ನು ದಾಟಲು ಸರಾಸರಿ ಎರಡು ಗಂಟೆ ಬೇಕಾಗುವುದರಿಂದ ಎಷ್ಟೋ ಜಾತಕಗಳಲ್ಲಿ ಈ ತಪ್ಪು ಯಾರಿಗೂ ತಿಳಿಯದೆ ಉಳಿಯುತ್ತದೆ, ಆದರೆ ನನ್ನ ಜನನಕಾಲ ಎರಡು ರಾಶಿಗಳು ಸೇರುವ ರಾಶಿಸಂಧಿಗೆ ಹತ್ತಿರವಿತ್ತು. ಸರಿಪಡಿಸಿದಾಗ ಬಂದದ್ದು ಕರ್ಕಾಟಕದ ಕೊನೆಯ ಅಂಶಗಳು.

ಗ್ರಹಗಳು ಇದ್ದ ರಾಶಿಯಲ್ಲೇ ಇದ್ದವು, ಅವು ನೋಡುವ ಭಾವಗಳು, ಅಂದರೆ ಲಗ್ನದಿಂದ ಎಣಿಸುವ ಮನೆಗಳು, ಬದಲಾದವು. ಎಲ್ಲ ಗ್ರಹಗಳಿಗೂ ಏಳನೆಯ ಪೂರ್ಣದೃಷ್ಟಿ ಇರುವುದಲ್ಲದೆ ಕುಜನಿಗೆ ನಾಲ್ಕು ಮತ್ತು ಎಂಟು, ಗುರುವಿಗೆ ಐದು ಮತ್ತು ಒಂಬತ್ತು, ಶನಿಗೆ ಮೂರು ಮತ್ತು ಹತ್ತು ಎಂಬ ವಿಶೇಷ ದೃಷ್ಟಿಗಳನ್ನು ಶಾಸ್ತ್ರ ಹೇಳುತ್ತದೆ. ವೃಷಭದಲ್ಲಿದ್ದ ನನ್ನ ಶನಿ ಮೂರನೆಯ ದೃಷ್ಟಿಯಿಂದ ಲಗ್ನವನ್ನೂ, ಏಳನೆಯ ದೃಷ್ಟಿಯಿಂದ ವೃಶ್ಚಿಕದಲ್ಲಿ ನೀಚನಾಗಿ, ಅಂದರೆ ಬಲಗುಂದಿ, ಇದ್ದ ಲಗ್ನಾಧಿಪತಿ (ಲಗ್ನರಾಶಿಯ ಒಡೆಯ) ಚಂದ್ರನನ್ನೂ ನೋಡುತ್ತಿದ್ದ. ಗುರುವಿನ ಒಂಬತ್ತನೆಯ ದೃಷ್ಟಿ ಲಗ್ನವನ್ನು ಬಿಟ್ಟು ಎರಡನೆಯ ಮನೆಗೆ, ಅಂದರೆ ವಾಕ್‌ಸ್ಥಾನಕ್ಕೆ ಬಿದ್ದಿತ್ತು. ಗುರು ನೋಡಿದ್ದರಿಂದ ಮಾತು ಧಾರಾಳ, ಶನಿ ನೋಡಿದ್ದರಿಂದ ಮನಸ್ಸಿಗೆ ಬೀಗ. ನನ್ನನ್ನು ಇಷ್ಟು ನೇರವಾಗಿ ಯಾರೂ ವರ್ಣಿಸಿರಲಿಲ್ಲ, ಅದನ್ನು ಓದಿ ನಾನು ಬಹಳ ಹೊತ್ತು ಅತ್ತೆ.

ಅಲ್ಲಿಂದ ನನ್ನ ಕ್ರಮ ಬದಲಾಯಿತು. ಮೊದಲು ಜನನಸ್ಥಳ ಮತ್ತು ಕಾಲವನ್ನು ತಾಯಿಯ ಬಾಯಿಂದಲೇ ಕೇಳಿ ಲಗ್ನವನ್ನು ಖಚಿತಪಡಿಸಿಕೊಳ್ಳುತ್ತೇನೆ. ಆಮೇಲೆ ಲಗ್ನ, ಚಂದ್ರ, ಎರಡನೆಯ ಮನೆ ಈ ಮೂರರ ಮೇಲಿನ ದೃಷ್ಟಿಗಳನ್ನು ಬೇರೆ ಬೇರೆಯಾಗಿ ಬರೆದುಕೊಳ್ಳುತ್ತೇನೆ, ಏಕೆಂದರೆ ವ್ಯಕ್ತಿ ಕಾಣುವ ಬಗೆ, ಒಳಗೆ ನೋಯುವ ಬಗೆ ಮತ್ತು ಹೇಳಿಕೊಳ್ಳುವ ಬಗೆ ಒಂದೇ ಆಗಿರಬೇಕಿಲ್ಲ. ಶನಿದೃಷ್ಟಿ ಕಂಡ ಕೂಡಲೇ ಎಳ್ಳುಬತ್ತಿಯ ಮಾತೆತ್ತುವುದನ್ನು ಬಿಟ್ಟಿದ್ದೇನೆ. ಯಾವುದನ್ನು ಯಾರಿಂದ ಮುಚ್ಚಿಡುತ್ತಿದ್ದೀರಿ ಎಂದು ಕೇಳಿ ಸುಮ್ಮನೆ ಕೂರುತ್ತೇನೆ. ಶನಿ ಮುಚ್ಚಿದ್ದೆಲ್ಲ ದೋಷವೆಂದು ನಾನು ಒಪ್ಪುವುದಿಲ್ಲ. ಕೆಲವರಿಗೆ ಆ ಬಾಗಿಲು ಆಸರೆಯೂ ಹೌದು.

ಕಳೆದ ವರ್ಷ ಮಂಡಿಪೇಟೆಯಿಂದ ತಾಯಿಯೊಬ್ಬರು ಮಗನನ್ನು ಕರೆತಂದರು. ಶನಿ ರಾಶಿಚಕ್ರವನ್ನು ಸುತ್ತಲು ಸುಮಾರು ಇಪ್ಪತ್ತೊಂಬತ್ತೂವರೆ ವರ್ಷ ಬೇಕು, ಹಾಗಾಗಿ 2001ರ ಕೊನೆಯಲ್ಲಿ ಹುಟ್ಟಿದ ಆ ಹುಡುಗನಿಗೂ ವೃಷಭದ ಶನಿ; ಎದುರಿಗೆ ಚಂದ್ರನೂ ನನ್ನಂತೆಯೇ ವೃಶ್ಚಿಕದಲ್ಲಿದ್ದ. “ಸಂದರ್ಶನಕ್ಕೆ ಹೋದ್ರೆ ಬಾಯೇ ಬಿಡಲ್ಲ ಸಾರ್, ಏನಾದ್ರೂ ಶಾಂತಿ ಮಾಡಿಸ್ಬೇಕಾ?” ಎಂದು ಆಕೆ ಕೇಳಿದರು. ನಾನು ಉತ್ತರಿಸುವ ಬದಲು ನನ್ನ ಕುಂಡಲಿಯ ಹಾಳೆಯನ್ನು ಹುಡುಗನ ಮುಂದಿಟ್ಟು, ತಂದೆ ಹೋದಾಗ ನಾನು ನಕ್ಕದ್ದನ್ನು ಅವನಿಗೆ ಹೇಳಿದೆ. ಹೇಳುವಾಗ ನನ್ನ ದನಿ ನಡುಗಿತು, ಅದನ್ನು ತಡೆಯಲಿಲ್ಲ. ಅವನು ಎರಡೂ ಕುಂಡಲಿಗಳ ಚಂದ್ರನ ಮೇಲೆ ಬೆರಳಿಟ್ಟು ನೋಡಿ, “ಅಮ್ಮ, ನೀನು ಸ್ವಲ್ಪ ಹೊರಗೆ ಕೂತಿರ್ತೀಯಾ?” ಎಂದ.