ಅಯ್ಯನಕೆರೆ ದಂಡೆಯಲ್ಲಿ ಕರಿಯನ ಬೇಸಿಗೆ

ನಮ್ಮ ಕರಿಯ ಲ್ಯಾಬ್ರಡಾರ್ ಜಾತಿಯ ನಾಯಿ. ಹೆಸರಿಗೆ ತಕ್ಕಂತೆ ಮೈಯೂ ಕಪ್ಪು. ತೂಕ 34 ಕೆಜಿ, ಈಗ 8 ವರ್ಷ. ನಾವಿರುವುದು ಕಡೂರಿನ ಕಡೆ. ಶಿವರಾತ್ರಿ ಕಳೆದರೆ ಸಾಕು, ಹತ್ತು ಗಂಟೆಗೆಲ್ಲ ಅಂಗಳದ ಚಪ್ಪಡಿ ಕಾದುಬಿಡುತ್ತದೆ. ಆಮೇಲೆ ಅವನಿಗೆ ಬಚ್ಚಲುಮನೆಯ ನೆಲವೊಂದೇ ಗತಿ. ಅದನ್ನು ನೋಡಲಾಗದೆ ಬೇಸಿಗೆ ರಜೆಯಲ್ಲಿ ಅವನನ್ನು ಅಯ್ಯನಕೆರೆಗೆ ಕರೆದುಕೊಂಡು ಹೋಗಲು ಶುರು ಮಾಡಿದೆ. ಸಖರಾಯಪಟ್ಟಣದ ಹತ್ತಿರ, ಶಕುನಗಿರಿ ಬೆಟ್ಟದ ಬುಡದಲ್ಲಿರುವ ದೊಡ್ಡ ಕೆರೆ ಅದು. ಬಾಬಾಬುಡನ್‌ಗಿರಿ ಸಾಲಿನ ಕಡೆಯಿಂದ ಅದಕ್ಕೆ ನೀರು ಬರುತ್ತದೆ.

ಮೊದಲ ವರ್ಷ ದೊಡ್ಡ ತಪ್ಪು ಮಾಡಿದೆ. ನೀರಲ್ಲೇ ಇದ್ದಾನಲ್ಲ, ಇವನಿಗೆಲ್ಲಿ ಸೆಕೆ ಅಂದುಕೊಂಡಿದ್ದೆ. ಏಪ್ರಿಲ್ ತಿಂಗಳು, ಹನ್ನೊಂದು ಗಂಟೆ ಬಿಸಿಲು. ನಾನು ಕೋಲು ಎಸೆಯುವುದು, ಅವನು ಈಜಿ ಹೋಗಿ ತರುವುದು. ಮುಕ್ಕಾಲು ಗಂಟೆ ಹೀಗೇ ನಡೆಯಿತು. ವಾಪಸ್ ಏರಿ ಮೇಲೆ ನಡೆಯುವಾಗ ಅವನ ಹಿಂಗಾಲು ತೊಡರತೊಡಗಿದವು. ನಾಲಿಗೆ ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. ಜೊಲ್ಲು ಅಂಟಂಟಾಗಿ ಇಳಿಯುತ್ತಿತ್ತು. ಹೆಸರು ಹಿಡಿದು ಕರೆದರೂ ತಿರುಗಿ ನೋಡಲಿಲ್ಲ. ಹಾಗೇ ಕುಸಿದು ಕೂತ.

ನಾನು ಕಾರಿನ ಕಡೆ ಓಡಲು ಹೊರಟಿದ್ದೆ. ಬಲೆ ಬಿಡಿಸುತ್ತಾ ಕೂತಿದ್ದ ಹುಡುಗ ಬಂದು ತಡೆದ. "ಅಕ್ಕಾ, ಆಸ್ಪತ್ರೆ ಆಮೇಲೆ. ಮೊದ್ಲು ನೀರಿಗೆ ತಗೊಂಡೋಗೋಣ, ಹಿಡ್ಕೊಳ್ಳಿ" ಅಂದ. ಇಬ್ಬರೂ ಸೇರಿ ಹೊತ್ತುಕೊಂಡು ಹೋಗಿ ನೆರಳಿದ್ದ ಕಡೆ ದಡದಲ್ಲಿ ಮಲಗಿಸಿದೆವು. ತಲೆ ಮೇಲಕ್ಕೆ ಹಿಡಿದುಕೊಂಡು ಹೊಟ್ಟೆ, ತೊಡೆ ಸಂದು, ಕಂಕುಳಿಗೆ ನೀರು ಹೊಯ್ಯುತ್ತಲೇ ಇದ್ದೆವು. ನಾನು ಟವೆಲ್‌ನಿಂದ ಗಾಳಿ ಬೀಸಿದೆ. ಹತ್ತು ನಿಮಿಷಕ್ಕೆ ಕಣ್ಣು ನನ್ನ ಕಡೆ ಬಂತು. ಆಮೇಲೆ ಕಾರಿನ ಕಿಟಕಿ ಪೂರಾ ಇಳಿಸಿ ಪಶು ವೈದ್ಯರ ಹತ್ತಿರ ಹೋದೆವು. ಅಲ್ಲಿ ನೋಡಿದಾಗಲೂ ಮೈ 104 ಡಿಗ್ರಿ ಫ್ಯಾರನ್‌ಹೀಟ್ ಇತ್ತು. ನಾಯಿಗೆ 101ರಿಂದ 102.5 ಇರಬೇಕು. ಮೊದಲು ತಣ್ಣಗೆ ಮಾಡಿ ಆಮೇಲೆ ಕರೆತಂದದ್ದೇ ಒಳ್ಳೆಯದಾಯಿತು ಎಂದರು ವೈದ್ಯರು. ಆ ಹುಡುಗನ ಋಣ ನನ್ನ ಮೇಲಿದೆ.

ಯಾಕೆ ಹೀಗಾಯಿತು ಎಂದು ಆಮೇಲೆ ಕೂತು ತಿಳಿದುಕೊಂಡೆ. ನಾಯಿ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ಬೆವರುವುದು ಅಂಗಾಲಿನಲ್ಲಿ ಮಾತ್ರ. ಒಳಗಿನ ಬಿಸಿ ಹೊರಗೆ ಹೋಗುವುದು ಮುಖ್ಯವಾಗಿ ಏದುಸಿರಿನಲ್ಲಿ. ಈಜುವಾಗ ಮೈಯ ಮಾಂಸಖಂಡವೆಲ್ಲ ದುಡಿದು ಬಿಸಿ ಹುಟ್ಟಿಸುತ್ತಲೇ ಇರುತ್ತದೆ. ದಡದ ಕಡೆಯ ಮೊಣಕಾಲುದ್ದ ನೀರಂತೂ ಆ ಹೊತ್ತಿಗೆ ಉಗುರುಬೆಚ್ಚಗೆ ಆಗಿರುತ್ತದೆ. ಅದೆಷ್ಟು ಬಿಸಿ ಎಳೆದುಕೊಂಡೀತು? ಮೇಲಾಗಿ ಲ್ಯಾಬ್ರಡಾರ್ ಕೋಲು ಕಂಡರೆ ತಾನಾಗಿ ನಿಲ್ಲುವ ಜಾತಿಯಲ್ಲ. ನಿಲ್ಲಿಸಬೇಕಾದವಳು ನಾನು.

ಈಗ ನಾನು ಕೋಲು ಎಸೆಯುವುದೇ ಇಲ್ಲ. ನನ್ನ ಪ್ರಕಾರ ಬೇಸಿಗೆಯಲ್ಲಿ ನಾಯಿಯನ್ನು ಕೆರೆಗೆ ಕರೆದೊಯ್ಯುವುದು ಆಡಿಸುವುದಕ್ಕಲ್ಲ, ಸುಮ್ನೆ ಬಿದ್ದುಕೊಳ್ಳುವುದಕ್ಕೆ. ಬೆಳಗ್ಗೆ ಆರಕ್ಕೆ ಅಲ್ಲಿರುತ್ತೇವೆ. ಎಂಟೂವರೆಯೊಳಗೆ ಹೊರಟುಬಿಡುತ್ತೇವೆ. ಟಾರು ರಸ್ತೆಗೆ ಬಂದರೆ ಅಂಗೈ ಹಿಂಭಾಗ ನೆಲಕ್ಕೆ ಒತ್ತಿ ಏಳು ಎಣಿಸುತ್ತೇನೆ. ನನಗೆ ಸುಟ್ಟರೆ ಅವನ ಪಾದಕ್ಕೂ ಸುಡುತ್ತದೆ ಅಲ್ವಾ?

ಜಾಗ ಹುಡುಕುವಾಗ ಮೊದಲು ನೋಡುವುದು ನೆರಳು. ಹೊಂಗೆ ಮರ ಸಿಕ್ಕರೆ ಬೇರೇನೂ ಬೇಡ. ಬೇಸಿಗೆ ಏರುವ ಹೊತ್ತಿಗೇ ಅದು ಹೊಸ ಎಲೆ ಬಿಟ್ಟು ದಟ್ಟವಾಗಿರುತ್ತದೆ. ಆಮೇಲೆ ಅವನಿಗೇ ಬಿಡುತ್ತೇನೆ. ಮುಂಗಾಲಲ್ಲಿ ಕೆರೆದು ಮೇಲಿನ ಒಣಮಣ್ಣು ತೆಗೆಯುತ್ತಾನೆ. ಕೆಳಗೆ ತೇವ ಸಿಕ್ಕಿದ ಮೇಲೆ ಎರಡು ಸುತ್ತು ತಿರುಗಿ ಹೊಟ್ಟೆ ಹಚ್ಚಿ ಮಲಗುತ್ತಾನೆ. ಹೊಟ್ಟೆಯ ಮೇಲೆ ಕೂದಲು ತೆಳು, ತಂಪು ಬೇಗ ತಟ್ಟುತ್ತದೆ. ಇದನ್ನು ಅವನಿಗೆ ಯಾರೂ ಹೇಳಿಕೊಟ್ಟಿಲ್ಲ. ಸ್ವಲ್ಪ ಹೊತ್ತಿಗೆ ಎದ್ದು ಹೊಟ್ಟೆ ಮುಳುಗುವಷ್ಟು ನೀರಲ್ಲಿ ನಿಂತು ಬರುತ್ತಾನೆ, ಮತ್ತೆ ಅದೇ ಗುಂಡಿ. ಬೆಳ್ಳಕ್ಕಿ ಹಾರಿದರೆ ಒಂದು ಕಿವಿ ಮಾತ್ರ ಏಳುತ್ತದೆ. ಅವನ ಪಕ್ಕ ಕೂತು ನಾನೂ ಫ್ಲಾಸ್ಕಿನ ಕಾಫಿ ಕುಡಿಯುತ್ತೇನೆ. ವರ್ಷದಲ್ಲಿ ನನಗೆ ಇಷ್ಟವಾದ ಹೊತ್ತು ಇದೇ.

ಕುಡಿಯುವ ನೀರು ಮನೆಯಿಂದಲೇ ಒಯ್ಯುತ್ತೇನೆ. ಕೆರೆ ಯಾವುದೇ ಇರಲಿ, ನೀರಿಗೆ ಬಿಡುವ ಮೊದಲು ದಡದುದ್ದಕ್ಕೂ ನಡೆದು ನೋಡುತ್ತೇನೆ. ಹಸಿರು ಬಣ್ಣ ಕಲಸಿ ಚೆಲ್ಲಿದ ಹಾಗೆ ನೊರೆಗಟ್ಟಿದ್ದರೆ ಆ ದಿನ ನೀರಿಗೆ ಬಿಡುವ ಮಾತೇ ಇಲ್ಲ. ಆ ನೀಲಿ-ಹಸಿರು ಪಾಚಿಯಲ್ಲಿ ಕೆಲವು ಜಾತಿ ಘೋರ ವಿಷ. ನಾಯಿ ಮೈ ನೆಕ್ಕಿಕೊಂಡರೂ ಹೊಟ್ಟೆಗೆ ಹೋಗುತ್ತದೆ, ಲಿವರ್ ಅಥವಾ ನರಗಳಿಗೆ ಹೊಡೆಯುತ್ತದೆ. ಕೆಲವೇ ಗಂಟೆಗಳಲ್ಲಿ ಜೀವ ಹೋಗಬಹುದು. ಕಣ್ಣಲ್ಲಿ ನೋಡಿ ಯಾವುದು ವಿಷ, ಯಾವುದಲ್ಲ ಎಂದು ಹೇಳಲಾಗುವುದಿಲ್ಲ. ಹೂಳು ಎತ್ತಿದ ಕೆರೆಗಳಲ್ಲಿ ಇನ್ನೊಂದು ಭಯ ಇದೆ. ಜೆಸಿಬಿ ತೋಡಿದ ಗುಂಡಿ ನೀರಿನಡಿ ಕಾಣುವುದಿಲ್ಲ, ಒಂದೇ ಹೆಜ್ಜೆಗೆ ಆಳ. ಹಾಗಾಗಿ ದನಗಳು ಇಳಿಯುವ ಇಳಿಜಾರಿನಲ್ಲೇ ಬಿಡುತ್ತೇನೆ, ಉದ್ದ ಹಗ್ಗ ಕಟ್ಟಿ. ಬಲೆ ಹಾಕಿದ ಕಡೆ ಹೋಗುವುದಿಲ್ಲ. ನಿಂತ ನೀರಿನಿಂದ ಇಲಿ ಜ್ವರ ಬರಬಹುದು, ಅದಕ್ಕೆ ವರ್ಷಕ್ಕೊಮ್ಮೆ ಲಸಿಕೆ ತಪ್ಪಿಸಿಲ್ಲ.

ಕೆಲವರು ಸೆಕೆಯೆಂದು ಮೈಗೆ ಒದ್ದೆ ಟವೆಲ್ ಹೊದಿಸಿ ಬಿಡುತ್ತಾರೆ. ಬೇಡ. ಸ್ವಲ್ಪ ಹೊತ್ತಿಗೆ ಅದೇ ಬಿಸಿಯಾಗಿ ಕಂಬಳಿಯಂತಾಗುತ್ತದೆ. ನೀರು ಹೊಯ್ದು ಗಾಳಿ ಬೀಸುವುದೇ ಮೇಲು. ಲ್ಯಾಬ್ರಡಾರ್ ತರಹದ ನಾಯಿಗಳ ಕೂದಲು ಬೋಳಿಸುವುದೂ ಬೇಡ, ಬಿಸಿಲಿಗೆ ಅದೇ ಅಡ್ಡ.

ಮನೆಗೆ ಬಂದ ಮೇಲೆ ನಲ್ಲಿ ನೀರಲ್ಲಿ ತೊಳೆದು ಕಿವಿಯ ಒಳಗಿನ ಅಂಚು ಒಣಬಟ್ಟೆಯಿಂದ ಒರೆಸುತ್ತೇನೆ. ಜೋತುಬಿದ್ದ ಕಿವಿ, ತೇವ ಉಳಿದರೆ ಬೇಗ ಕೀವು ಕಟ್ಟುತ್ತದೆ. ಆಮೇಲೆ ಬೆರಳ ಸಂದು, ಕತ್ತು, ಬಾಲದ ಬುಡದಲ್ಲಿ ಉಣುಗು ಹುಡುಕುತ್ತೇನೆ. ಈ ಹೊತ್ತಿಗೆ ಕರಿಯ ನಿಂತಲ್ಲೇ ತೂಕಡಿಸುತ್ತಿರುತ್ತಾನೆ. ನಾಲ್ಕನೇ ಕಾಲು ಮುಗಿಯುವುದರೊಳಗೆ ಬಚ್ಚಲುಮನೆಯ ನೆಲದ ಮೇಲೆ ಉದ್ದಕ್ಕೆ ಮಲಗಿಬಿಡುತ್ತಾನೆ, ಉಳಿದದ್ದನ್ನು ನಾನು ಅಲ್ಲೇ ಕೂತು ಹುಡುಕುತ್ತೇನೆ.