ರೇಸ್ ಟ್ರ್ಯಾಕ್ ಸಜ್ಜು ಮಾಡುವುದು: ಡಾಂಬರಿಗಿಂತ ಅಂಚಿನ ಕೆಲಸವೇ ಹೆಚ್ಚು

ಚೆನ್ನೈಯಿಂದ ಉತ್ತರಕ್ಕೆ ಕೋಲ್ಕತ್ತಾ ರಸ್ತೆ ಹಿಡಿದರೆ ಶೋಳವರಂ ಸಿಗುತ್ತದೆ. ಅಲ್ಲಿ ಎರಡನೇ ಮಹಾಯುದ್ಧದ ಕಾಲದ ಒಂದು ರನ್‌ವೇ ಇದೆ. 1980ರ ದಶಕ ಮುಗಿಯುವವರೆಗೂ ದಕ್ಷಿಣದಲ್ಲಿ ಮೋಟಾರ್ ರೇಸ್ ಅಂದರೆ ಶೋಳವರಂ ಅಂತಲೇ ಅರ್ಥ. ಬೆಂಗಳೂರಿನ ವಿಜಯ್ ಮಲ್ಯ ಹಳೆಯ ಎನ್‌ಸೈನ್ ಫಾರ್ಮುಲಾ ಒನ್ ಕಾರು ಓಡಿಸಿದ್ದು ಅಲ್ಲೇ. ವಿಮಾನಕ್ಕೆಂದು ಹಾಕಿದ ದಾರಿಯಲ್ಲಿ ತಿರುವು ಇರುವುದಿಲ್ಲ. ಡ್ರಮ್ಮು, ಹುಲ್ಲಿನ ಪಿಂಡಿ ಇಟ್ಟು ತಿರುವು ಮಾಡಿಕೊಳ್ಳಬೇಕು, ರೇಸ್ ಮುಗಿದ ಮೇಲೆ ಎತ್ತಿಡಬೇಕು. ಇಂಗ್ಲೆಂಡಿನ ಸಿಲ್ವರ್‌ಸ್ಟೋನ್ ಕೂಡ ಹುಟ್ಟಿದ್ದು ಹೀಗೇ. 1948ರಲ್ಲಿ ಅಲ್ಲಿ ಮೊದಲ ಗ್ರ್ಯಾಂಡ್ ಪ್ರಿ ನಡೆದಾಗ ಅದೂ ಯುದ್ಧಕಾಲದ ವಾಯುನೆಲೆಯೇ ಆಗಿತ್ತು.

ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ 1990ರಲ್ಲಿ ಶ್ರೀಪೆರಂಬುದೂರಿನ ಹತ್ತಿರ, ಬೆಂಗಳೂರು ಹೆದ್ದಾರಿಯ ಪಕ್ಕದ ಇರುಂಗಾಟ್ಟುಕೋಟ್ಟೈಯಲ್ಲಿ ಸ್ವಂತ ಟ್ರ್ಯಾಕ್ ತೆರೆಯಿತು. ಉದ್ದ 3.717 ಕಿ.ಮೀ., ತಿರುವು 12. ಆಮೇಲೆ ಕೊಯಮತ್ತೂರಿನ ಚೆಟ್ಟಿಪಾಳ್ಯದಲ್ಲಿ ಕರಿ ಸ್ಪೀಡ್‌ವೇ ಬಂತು, 2011ರಲ್ಲಿ ಗ್ರೇಟರ್ ನೋಯ್ಡಾದಲ್ಲಿ 5.125 ಕಿ.ಮೀ. ಉದ್ದದ ಬುದ್ಧ ಸರ್ಕ್ಯೂಟ್ ಬಂತು. ಡ್ರಮ್ಮಿನ ಕಾಲ ಮುಗಿಯಿತು. ಆದರೆ ಶಾಶ್ವತ ಟ್ರ್ಯಾಕಿಗೆ ಅದರದೇ ಒಂದು ತೊಂದರೆಯಿದೆ: ವರ್ಷದಲ್ಲಿ ಬಹುಪಾಲು ದಿನ ಅದು ಸುಮ್ಮನೆ ಬಿದ್ದಿರುತ್ತದೆ, ಬಿದ್ದಲ್ಲೇ ಹಾಳಾಗುತ್ತದೆ. ಹಾಳಾಗುವುದು ಮೊದಲು ಡಾಂಬರಲ್ಲ, ಅದರ ಆಚೀಚೆ ಇರುವುದೆಲ್ಲ. ರೇಸಿಗೆ ಮುಂಚೆ ಟ್ರ್ಯಾಕ್ ತಪಾಸಣೆ ಮಾಡಿ ಸಜ್ಜುಗೊಳಿಸುವ ಕೆಲಸದಲ್ಲಿ ನಾನು ಅನುಸರಿಸುವ ಕ್ರಮ ಕೆಳಗಿದೆ. ಯಾವ ಟ್ರ್ಯಾಕಿಗಾದರೂ ಹೊಂದುತ್ತದೆ.

ರೇಸಿಗೆ ಮೂರು ವಾರ ಇದೆ ಅನ್ನುವಾಗ ಮೊದಲ ಸುತ್ತು. ಇದನ್ನು ನಡೆದೇ ಮುಗಿಸಬೇಕು, ಜೀಪಿನಲ್ಲಿ ಕೂತರೆ ಅರ್ಧ ಕಾಣುವುದಿಲ್ಲ. ಕೈಯಲ್ಲಿ ಸ್ಪ್ರೇ ಪೇಂಟ್, ಸಣ್ಣ ಸುತ್ತಿಗೆ, 3 ಮೀಟರಿನ ಅಲ್ಯೂಮಿನಿಯಂ ಪಟ್ಟಿ, ಒಂದು ಉದ್ದನೆಯ ಕೋಲು. ಎಡ ಅಂಚಿನಲ್ಲಿ ಒಂದು ಸುತ್ತು, ಬಲ ಅಂಚಿನಲ್ಲಿ ಇನ್ನೊಂದು.

ಮೊದಲು ನೋಡುವುದು ಡಾಂಬರೂ ಮಣ್ಣೂ ಕೂಡುವ ಅಂಚು. ಈಶಾನ್ಯ ಮಳೆಗಾಲ ಮುಗಿಯುವ ಹೊತ್ತಿಗೆ ಅಲ್ಲಿನ ಮಣ್ಣು ಕೊಚ್ಚಿಹೋಗಿ ನಾಲ್ಕೈದು ಸೆಂಟಿಮೀಟರ್ ತಗ್ಗಾಗಿರುತ್ತದೆ. ತಿರುವಿನಿಂದ ಹೊರಬರುವಾಗ ಎರಡು ಚಕ್ರ ಹೊರಗೆ ಹೋದ ಕಾರು ಮತ್ತೆ ಡಾಂಬರಿಗೆ ಏರುವಾಗ ಟೈರಿನ ಪಕ್ಕ ಆ ಮೆಟ್ಟಿಲಿಗೆ ಸಿಕ್ಕಿಕೊಳ್ಳುತ್ತದೆ. ಚಾಲಕ ಸ್ಟೀರಿಂಗ್ ಇನ್ನಷ್ಟು ತಿರುಗಿಸುತ್ತಾನೆ, ಟೈರು ಒಮ್ಮೆಲೇ ಹತ್ತುತ್ತದೆ, ಕಾರು ಎದುರು ಬದಿಗೆ ಚಿಮ್ಮುತ್ತದೆ. ಬೈಕಾದರೆ ನೇರ ಬೀಳುವುದೇ. ಇದಕ್ಕೆ ಮದ್ದು ಕೆಮ್ಮಣ್ಣಿಗೆ ಸ್ವಲ್ಪ ಜಲ್ಲಿಪುಡಿ ಬೆರೆಸಿ, ನೀರು ಚಿಮುಕಿಸಿ, ಸಣ್ಣ ರೋಲರ್ ಓಡಿಸಿ ಡಾಂಬರಿನ ಮಟ್ಟಕ್ಕೆ ತರುವುದು. ಮಟ್ಟಕ್ಕಿಂತ ಮೇಲೆ ಹಾಕಿದರೂ ತಪ್ಪೇ. ಟ್ರ್ಯಾಕಿನ ನೀರು ಹೊರಹೋಗಲು ದಾರಿಯಿಲ್ಲದೆ ಅಂಚಿನಲ್ಲೇ ನಿಲ್ಲುತ್ತದೆ, ಮೊದಲ ಮಳೆಗೇ ಗೊತ್ತಾಗುತ್ತದೆ.

ಅಲ್ಲಿಂದ ಆಚೆಗೆ ಜಲ್ಲಿ ಹಾಸು. ಹಣ ಪೋಲಾಗುವುದೂ ಇಲ್ಲೇ, ಜೀವ ಉಳಿಯುವುದೂ ಇಲ್ಲೇ. ಬೇಕಾದದ್ದು 5ರಿಂದ 15 ಮಿ.ಮೀ. ಗಾತ್ರದ ದುಂಡನೆಯ ಹೊಳೆಗಲ್ಲು, 25 ಸೆಂ.ಮೀ. ಆಳ. ಕಾರು ಅದರಲ್ಲಿ ಹೂತುಕೊಂಡೇ ವೇಗ ಕಳೆದುಕೊಳ್ಳಬೇಕು. ಸುಲಭವಾಗಿ, ಅಗ್ಗವಾಗಿ ಸಿಗುವುದು ಕ್ರಷರ್‌ನ 20 ಎಂಎಂ ಜಲ್ಲಿ. ಅದಕ್ಕೆ ಮೂಲೆಗಳಿರುವುದರಿಂದ ಒಂದಕ್ಕೊಂದು ಕಚ್ಚಿಕೊಂಡು ಗಟ್ಟಿ ನೆಲವಾಗಿಬಿಡುತ್ತದೆ, ಕಾರು ಅದರ ಮೇಲೆ ಜಾರಿ ನೇರ ಗೋಡೆಗೆ ಹೋಗುತ್ತದೆ. 50 ಮೀಟರ್ ಉದ್ದ, 20 ಮೀಟರ್ ಅಗಲದ ಒಂದು ಹಾಸಿಗೆ 250 ಘನ ಮೀಟರ್ ಕಲ್ಲು ಬೇಕು. ಹತ್ತು ಚಕ್ರದ ಟಿಪ್ಪರಿನಲ್ಲಿ 14 ಘನ ಮೀಟರ್ ಅಂತ ಹಿಡಿದರೆ ಹದಿನೆಂಟು ಲೋಡು. ಬಿಲ್ ನೋಡಿದ ಯಾರಿಗಾದರೂ ಆಳವನ್ನು 15 ಸೆಂ.ಮೀ.ಗೆ ಇಳಿಸುವ ಆಸೆ ಬರುತ್ತದೆ. ಆಳ ಇಳಿಸುವ ಬದಲು ಒಂದು ತಿರುವಿನ ಕೆಲಸ ಮುಂದಿನ ವರ್ಷಕ್ಕೆ ಬಿಟ್ಟು, ಅಲ್ಲಿ ವೇಗ ತಗ್ಗಿಸುವಂತೆ ಚಿಕೇನ್ (ಬೇಕೆಂದೇ ಮಾಡುವ ಅಂಕುಡೊಂಕು ತಿರುವು) ಇಡುವುದು ಮೇಲು ಅನ್ನುವುದು ನನ್ನ ಲೆಕ್ಕ.

ಸರಿಯಾದ ಕಲ್ಲು ಹಾಕಿದ ಮೇಲೂ ಒಂದು ಮಳೆಗಾಲ ಕಳೆದರೆ ಮಣ್ಣು, ಧೂಳು ಸೇರಿಕೊಂಡು ಹಾಸು ಗಡುಸಾಗುತ್ತದೆ, ಹುಲ್ಲೂ ಹುಟ್ಟುತ್ತದೆ. ಪರೀಕ್ಷೆ ಸುಲಭ. ಬೂಟಿನ ಹಿಮ್ಮಡಿ ಊರಿದಾಗ ಕಾಲು ಹೂತುಕೊಳ್ಳದಿದ್ದರೆ ಹಾಸು ಸತ್ತಿದೆ. ಟ್ರ್ಯಾಕ್ಟರಿಗೆ ಕಲ್ಟಿವೇಟರ್ ಕಟ್ಟಿ ಅಡ್ಡ, ಉದ್ದ ಎರಡೂ ಕಡೆ ಎಳೆಸಿ, ಆಮೇಲೆ ಕುಂಟೆ ಹೊಡೆದು ಮಟ್ಟ ಮಾಡಬೇಕು. ಗುಡ್ಡೆ ಬಿಡಬಾರದು, ಅಡ್ಡಡ್ಡ ಬಂದ ಕಾರು ಪಲ್ಟಿ ಹೊಡೆಯುವುದು ಆ ಗುಡ್ಡೆಗೇ. ಪ್ರತಿ ರೇಸಿನ ನಡುವೆಯೂ ಕಾರು ಎಳೆದ ಜಾಡುಗಳನ್ನು ಕುಂಟೆಯಿಂದ ಮುಚ್ಚಬೇಕು, ಟ್ರ್ಯಾಕಿಗೆ ಚೆಲ್ಲಿದ ಕಲ್ಲನ್ನು ಗುಡಿಸಬೇಕು.

ಜಲ್ಲಿಯ ಹಿಂದೆ ಟೈರ್ ಗೋಡೆ. ಮಲಗಿಸಿದ ಐದು ಕಾರ್ ಟೈರು ಒಂದರ ಮೇಲೊಂದು ಇಟ್ಟರೆ ಸುಮಾರು ಒಂದು ಮೀಟರ್ ಎತ್ತರ ಬರುತ್ತದೆ. ಅದೇ ಒಂದು ಕಂಬ. 30 ಮೀಟರ್ ಉದ್ದದಲ್ಲಿ ಇಂಥ 50 ಕಂಬ, ಮೂರು ಸಾಲಿಗೆ 750 ಟೈರು. ಎಲ್ಲವೂ ಒಂದೇ ಅಳತೆಯದಾಗಿರಬೇಕು, ಅಕ್ಕಪಕ್ಕದವನ್ನು ದೊಡ್ಡ ವಾಷರ್ ಹಾಕಿ ಬೋಲ್ಟಿನಿಂದ ಬಿಗಿಯಬೇಕು. ಹಗ್ಗದಲ್ಲಿ ಕಟ್ಟಿದ್ದು ಮೊದಲ ಪೆಟ್ಟಿಗೇ ಬಿಚ್ಚಿ ಟೈರುಗಳು ಟ್ರ್ಯಾಕಿಗೆ ಉರುಳುತ್ತವೆ. ಮುಂಭಾಗಕ್ಕೆ ಕನಿಷ್ಠ 12 ಮಿ.ಮೀ. ದಪ್ಪದ ಕನ್ವೇಯರ್ ಬೆಲ್ಟ್ ಹೊದಿಸಬೇಕು. ಅದಿಲ್ಲದಿದ್ದರೆ ಫಾರ್ಮುಲಾ ಕಾರಿನ ಮೂತಿ ಎರಡು ಕಂಬಗಳ ಸಂದಿಗೆ ತೂರುತ್ತದೆ, ಕಾರು ನಿಧಾನವಾಗುವ ಬದಲು ಒಮ್ಮೆಗೇ ನಿಂತುಬಿಡುತ್ತದೆ.

ನಮ್ಮ ಕಡೆಯ ಹವೆಗೆ ಇನ್ನೊಂದು ಕೆಲಸ ಇದ್ದೇ ಇದೆ. ಟೈರಿನೊಳಗೆ ಮಳೆನೀರು ನಿಂತರೆ ಗೋಡೆ ಭಾರವಾಗಿ ಗಡುಸಾಗುತ್ತದೆ, ಸೊಳ್ಳೆ ಮರಿ ಮಾಡುತ್ತದೆ. ಜೋಡಿಸುವ ಮುಂಚೆಯೇ ಕೆಳಬದಿಯ ಸೈಡ್‌ವಾಲಿಗೆ 20 ಮಿ.ಮೀ. ತೂತು ಮೂರು ಹಾಕಿಬಿಡಬೇಕು. ಟ್ರೆಡ್ ಭಾಗದಲ್ಲಿ ಉಕ್ಕಿನ ತಂತಿ ಇರುವುದರಿಂದ ಡ್ರಿಲ್ ಬಿಟ್ ಹಾಳಾಗುತ್ತದೆ, ಸೈಡ್‌ವಾಲ್ ಸುಲಭ. ಮೊದಲೇ ಹೇಳಿದ ಕೋಲು ಈ ಗೋಡೆಗೇ: ಕೈ ಹಾಕುವ ಮುಂಚೆ ಪ್ರತಿ ಕಂಬವನ್ನೂ ತಟ್ಟಬೇಕು, ಹಾವು ಇರುತ್ತದೆ.

ಕಬ್ಬಿಣದ ಗಾರ್ಡ್‌ರೇಲ್ ನೋಡಲು ಗಟ್ಟಿಮುಟ್ಟಾಗಿರುತ್ತದೆ, ಅದಕ್ಕೇ ಅದನ್ನು ಯಾರೂ ನೋಡುವುದಿಲ್ಲ. ಹೆದ್ದಾರಿಯಲ್ಲಿ ಬಳಸುವ ಡಬ್ಲ್ಯು ಆಕಾರದ ಪಟ್ಟಿಯೇ ಇಲ್ಲೂ. ಕಂಬಗಳ ನಡುವೆ 2 ಮೀಟರ್, ಪಟ್ಟಿಯ ಉದ್ದ 4.318 ಮೀಟರ್, ಜೋಡಣೆಗೆ ಬಿಟ್ಟು ಉಳಿಯುವುದು 4 ಮೀಟರ್. ಪ್ರತಿ ಜೋಡಣೆಗೆ ಎಂಟು ಎಂ16 (16 ಮಿ.ಮೀ. ದಪ್ಪದ) ಬೋಲ್ಟು. ಮೂರು ಪಟ್ಟಿ ಎತ್ತರದ ರೇಲ್ ಆದರೆ 100 ಮೀಟರಿಗೆ 75 ಜೋಡಣೆ, 600 ಬೋಲ್ಟು. ಎಲ್ಲಕ್ಕೂ ಪಾನಾ ಹಾಕುತ್ತ ಕೂತರೆ ದಿನ ಸಾಲದು. ಸುತ್ತಿಗೆಯಿಂದ ನಟ್ಟಿಗೆ ಮೆಲ್ಲಗೆ ಬಡಿದು ಕೇಳಿದರೆ ಬಿಗಿಯಿದ್ದದ್ದು ಟಣ್ ಅನ್ನುತ್ತದೆ, ಸಡಿಲವಾದದ್ದು ಗಿಲಿಗಿಲಿ ಅನ್ನುತ್ತದೆ. ಬಿಗಿ ಮಾಡಿದ ಮೇಲೆ ನಟ್ಟು, ಪಟ್ಟಿ ಎರಡರ ಮೇಲೂ ಹಾಯುವಂತೆ ಪೇಂಟಿನಲ್ಲಿ ಒಂದು ಗೆರೆ ಎಳೆಯಬೇಕು. ಮುಂದಿನ ಸಲ ಗೆರೆ ಮುರಿದಿರುವ ಕಡೆ ಮಾತ್ರ ನಿಂತರೆ ಸಾಕು.

1975ರ ಏಪ್ರಿಲ್‌ನಲ್ಲಿ ಬಾರ್ಸಿಲೋನಾದ ಮೊಂಟ್‌ಜುಯಿಕ್‌ನಲ್ಲಿ ಸ್ಪ್ಯಾನಿಷ್ ಗ್ರ್ಯಾಂಡ್ ಪ್ರಿಗೆ ಬಂದ ಚಾಲಕರು ಕಂಡದ್ದು ಸಡಿಲ ಬೋಲ್ಟುಗಳನ್ನೇ. ಓಡಿಸುವುದಿಲ್ಲ ಎಂದು ಪಟ್ಟು ಹಿಡಿದರು. ತಂಡಗಳ ಮೆಕ್ಯಾನಿಕ್‌ಗಳೇ ಪಾನಾ ಹಿಡಿದು ಹೋಗಿ ಬಿಗಿದರು. ಎಮರ್ಸನ್ ಫಿಟಿಪಾಲ್ಡಿ ಆದರೂ ಒಪ್ಪದೆ ಹಿಂದೆ ಸರಿದರು. ರೇಸಿನಲ್ಲಿ ರೋಲ್ಫ್ ಸ್ಟೊಮ್ಮೆಲೆನ್ ಅವರ ಕಾರಿನ ಹಿಂದಿನ ರೆಕ್ಕೆ ಮುರಿದು, ಕಾರು ರೇಲ್ ದಾಟಿ ಹಾರಿ, ಆಚೆ ಇದ್ದವರು ಸತ್ತರು. ಅಲ್ಲಿ ಕಾರಣ ರೆಕ್ಕೆ. ಆದರೆ ಆ ವಾರ ಆ ಬೋಲ್ಟುಗಳ ಬಗ್ಗೆ ಎದ್ದ ಗಲಾಟೆ ಈ ಕೆಲಸ ಮಾಡುವ ಎಲ್ಲರಿಗೂ ಗೊತ್ತಿರಬೇಕಾದದ್ದು.

ರೇಲಿನ ಪಟ್ಟಿಗಳ ತುದಿಗಳು ಒಂದರ ಮೇಲೊಂದು ಕೂರುವ ದಿಕ್ಕನ್ನೂ ನೋಡಬೇಕು. ಕಾರು ಬರುವ ಕಡೆಯ ಪಟ್ಟಿ ಮೇಲೆ, ಮುಂದಿನದು ಅದರ ಹಿಂದೆ. ತಿರುಗುಮುರುಗಾದರೆ ಪಟ್ಟಿಯ ತುದಿ ಕಾರಿಗೆ ಕತ್ತಿ ಹಿಡಿದು ನಿಂತ ಹಾಗೆ. ಟ್ರ್ಯಾಕನ್ನು ಎದುರು ದಿಕ್ಕಿನಲ್ಲಿ ಓಡಿಸಿ ನೋಡೋಣ ಎಂದು ಆಗಾಗ ಸಲಹೆ ಬರುತ್ತದೆ. ಈ ಒಂದು ಕಾರಣಕ್ಕೇ ಬೇಡ ಅನ್ನುತ್ತೇನೆ. ಟೈರ್ ಗೋಡೆಗೆ ಹೊದಿಸಿದ ಬೆಲ್ಟಿನ ಜೋಡಣೆಗಳಿಗೂ ಇದೇ ನಿಯಮ.

ಇನ್ನು ಡಾಂಬರು. 3 ಮೀಟರಿನ ಪಟ್ಟಿ ಬೇಕಾಗುವುದು ಬ್ರೇಕ್ ಹಾಕುವ ಜಾಗಗಳಲ್ಲಿ. ರಸ್ತೆಗೆ ಬಳಸುವ ಸಾಮಾನ್ಯ ವಿಜಿ-30 ದರ್ಜೆಯ ಡಾಂಬರು 47 ಡಿಗ್ರಿಯ ಆಸುಪಾಸಿನಲ್ಲೇ ಮೆತ್ತಗಾಗತೊಡಗುತ್ತದೆ, ಬೇಸಿಗೆಯ ಮಧ್ಯಾಹ್ನ ಟ್ರ್ಯಾಕಿನ ಮೈ ಅದನ್ನು ದಾಟುತ್ತದೆ. ಬ್ರೇಕಿನ ಒತ್ತಡಕ್ಕೆ ಡಾಂಬರು ಮುಂದಕ್ಕೆ ಸರಿದು ಅಲೆಅಲೆಯಾಗುತ್ತದೆ. ಪಟ್ಟಿಯ ಕೆಳಗೆ 3 ಮಿ.ಮೀ.ಗಿಂತ ಹೆಚ್ಚು ಸಂದಿ ಕಂಡರೆ ಗುರುತು ಹಾಕುತ್ತೇನೆ. ಮೇಲೆ ತೇಪೆ ಹಾಕಿದರೆ ಪ್ರಯೋಜನವಿಲ್ಲ. ಮಿಲ್ಲಿಂಗ್ ಯಂತ್ರದಲ್ಲಿ ಕೆರೆದು ಪಾಲಿಮರ್ ಬೆರೆಸಿದ ಡಾಂಬರು ಹಾಕಬೇಕು, ಉದ್ದದ ಜಾಯಿಂಟ್ ರೇಸಿಂಗ್ ಲೈನಿನ (ಕಾರುಗಳು ಹೆಚ್ಚಾಗಿ ಓಡುವ ಜಾಡಿನ) ಮೇಲೆ ಬರದಂತೆ ನೋಡಿಕೊಳ್ಳಬೇಕು. ಹೊಸ ಡಾಂಬರಿಗೆ ಕಾಲಾವಕಾಶ ಕೊಡದಿದ್ದರೆ ಏನಾಗುತ್ತದೆ ಎಂಬುದನ್ನು 2020ರ ಇಸ್ತಾಂಬುಲ್ ರೇಸಿನಲ್ಲಿ ಜಗತ್ತೇ ನೋಡಿತು. ಕೆಲವೇ ವಾರ ಮುಂಚೆ ಹಾಕಿದ ಮೈಯಿಂದ ಎಣ್ಣೆ ಒಸರಿ, ಫಾರ್ಮುಲಾ ಒನ್ ಕಾರುಗಳು ಒದ್ದಾಡಿದವು. ಬಿರುಕಿಗೆ ಸುರಿಯುವ ಸೀಲಂಟ್ ಕೂಡ ಬಿಸಿಲಿಗೆ ಬೈಕಿನ ಕೆಳಗೆ ಜಾರುತ್ತದೆ. ತೆಳುವಾಗಿ ಹಾಕಿ ಮೇಲೆ ಮರಳು ಉದುರಿಸಬೇಕು. ಅಂಚಿನ ಬಿಳಿ ಗೆರೆಗೂ ಮರಳು ಬೆರೆಸಿದ ಬಣ್ಣವೇ ಆಗಬೇಕು.

ಚರಂಡಿಯ ಜಾಲರಿಗಳನ್ನು ಬೋಲ್ಟ್ ಹಾಕಿ ಅಥವಾ ವೆಲ್ಡ್ ಮಾಡಿ ಕೂರಿಸಬೇಕು, ತೂಕದಿಂದ ತಾನೇ ಕೂತಿರುತ್ತದೆ ಎಂದು ಬಿಡಬಾರದು. ವೇಗದ ಕಾರಿನ ತಳದ ಗಾಳಿ ಅದನ್ನು ಎಳೆದೆತ್ತುತ್ತದೆ. 2017ರಲ್ಲಿ ಮಲೇಷ್ಯಾದ ಸೆಪಾಂಗ್‌ನಲ್ಲಿ ಫಾರ್ಮುಲಾ ಒನ್ ಚಾಲಕ ಗ್ರೋಜಾನ್ ಅವರ ಕಾರಿಗೂ 2023ರಲ್ಲಿ ಲಾಸ್ ವೇಗಸ್‌ನಲ್ಲಿ ಸೈನ್ಸ್ ಅವರ ಕಾರಿಗೂ ಆದದ್ದು ಇಂಥದ್ದೇ. ಬೇಲಿಯ ಕೆಳಗೆ ಚರಂಡಿ ಹಾಯುವ ಕಡೆ ಸರಳು ಹಾಕಿಸಬೇಕು, ನಾಯಿಗಳು ಬರುವುದು ಅಲ್ಲಿಂದ. ಬುದ್ಧ ಸರ್ಕ್ಯೂಟಿನ ಮೊದಲ ಗ್ರ್ಯಾಂಡ್ ಪ್ರಿಯ ಮೊದಲ ಅಭ್ಯಾಸವೇ ಒಂದು ನಾಯಿಯಿಂದ ನಿಂತಿತ್ತು.

ಮಾರ್ಷಲ್ ಪೋಸ್ಟ್‌ಗಳ (ಬಾವುಟ ತೋರಿಸಿ ಚಾಲಕರನ್ನು ಎಚ್ಚರಿಸುವ ಸಿಬ್ಬಂದಿ ನಿಲ್ಲುವ ಜಾಗಗಳ) ನಡುವೆ 500 ಮೀಟರಿಗಿಂತ ಹೆಚ್ಚಿರಬಾರದು. 3.717 ಕಿ.ಮೀ. ಟ್ರ್ಯಾಕಿಗೆ ಲೆಕ್ಕದ ಪ್ರಕಾರ ಎಂಟು ಸಾಕು, ಆದರೆ ಪ್ರತಿ ಪೋಸ್ಟಿನಿಂದಲೂ ಮುಂದಿನ ಪೋಸ್ಟ್ ಕಾಣಬೇಕಾದ್ದರಿಂದ ಹೆಚ್ಚೇ ಬೇಕಾಗುತ್ತದೆ. ಮಧ್ಯೆ ಬಳ್ಳಾರಿ ಜಾಲಿ ಬೆಳೆದಿದ್ದರೆ ಕಡಿಸಿ. ಕಡಿದ ಮುಳ್ಳು ಟ್ರ್ಯಾಕಿನ ಹತ್ತಿರ ಬಿಡಬೇಡಿ. ಶುಕ್ರವಾರ ರಾತ್ರಿ ಜಾಹೀರಾತಿನವರು ಬ್ಯಾನರ್ ಕಟ್ಟಿಹೋಗಿರುತ್ತಾರೆ, ಶನಿವಾರ ಬೆಳಿಗ್ಗೆ ಅದೇ ಅಡ್ಡವಾಗಿರುತ್ತದೆ. ಹಾಗಾಗಿ ನೋಟದ ಪರೀಕ್ಷೆ ಶನಿವಾರ ಇನ್ನೊಮ್ಮೆ ಆಗಬೇಕು. ಬಾವುಟಗಳನ್ನು ಬಿಸಿಲಿಗೆ ಹಿಡಿದು ನೋಡಬೇಕು. ಬಣ್ಣ ಹಾರಿದ ಹಳದಿ ದೂರಕ್ಕೆ ಬಿಳಿಯಂತೆ ಕಾಣುತ್ತದೆ. ಹಳದಿಗೆ ಅಪಾಯ ಎಂದರ್ಥ, ಬಿಳಿಗೆ ಮುಂದೆ ನಿಧಾನದ ವಾಹನ ಇದೆ ಎಂದರ್ಥ. ಅಳತೆ ಕನಿಷ್ಠ 60×80 ಸೆಂ.ಮೀ., ಕೆಂಪಿಗೆ 80×100.

ಪ್ರತಿ ಪೋಸ್ಟಿಗೆ ಎರಡು ಗಟ್ಟಿ ಪೊರಕೆ, ಸಲಿಕೆ, ಬೆಂಕಿ ಆರಿಸುವ ಸಿಲಿಂಡರ್, ಮುಚ್ಚಳವಿರುವ ಡಬ್ಬದಲ್ಲಿ ಕನಿಷ್ಠ 20 ಲೀಟರ್ ಎಣ್ಣೆ ಹೀರುವ ಪುಡಿ. ಪುಡಿ ಎಂದರೆ ಸುಣ್ಣಕಲ್ಲಿನ ಪುಡಿ. ಅಂಗಡಿಯಲ್ಲಿ ಬರೀ ಸುಣ್ಣ ಎಂದು ಕೇಳಿದರೆ ಸುಟ್ಟ ಸುಣ್ಣ ಕೊಡುತ್ತಾರೆ. ಅದು ನೀರು ಸೋಕಿದರೆ ಕುದಿಯುತ್ತದೆ, ಕಣ್ಣಿಗೆ ಬಿದ್ದರೆ ಕಣ್ಣು ಹೋಗುತ್ತದೆ. ಸಿಮೆಂಟ್ ಎಣ್ಣೆ ಚೆನ್ನಾಗಿಯೇ ಹೀರುತ್ತದೆ, ಆದರೆ ಧೂಳೆದ್ದು ಹಿಂದಿನವರಿಗೆ ಏನೂ ಕಾಣುವುದಿಲ್ಲ, ಮಳೆ ಬಂದರೆ ಕೆಸರಾಗಿ ಜಾರುತ್ತದೆ. ಮರದ ಹೊಟ್ಟು ಗಾಳಿಗೆ ಹಾರುತ್ತದೆ.

ಎಣ್ಣೆ ಚೆಲ್ಲಿದಾಗ ನೀರು ಹಾಕಲೇಬಾರದು, ಅಗಲಕ್ಕೆ ಹರಡುತ್ತದೆ. ಒಬ್ಬ ಬರುವ ಕಾರುಗಳ ಕಡೆ ಮುಖ ಮಾಡಿ ಸೀಟಿ ಹಿಡಿದು ನಿಲ್ಲಬೇಕು, ಇಬ್ಬರು ಕೆಲಸ ಮಾಡಬೇಕು. ಮೊದಲು ಪುಡಿ ದಪ್ಪಗೆ ಹಾಕಿ ಪೊರಕೆಯಿಂದ ಉಜ್ಜಿ ಡಾಂಬರಿನ ಸಂದಿಗಳಿಗೆ ಇಳಿಸಬೇಕು, ಪೂರ್ತಿ ಗುಡಿಸಿ ಹೊರಗೆ ತೆಗೆಯಬೇಕು, ಆಮೇಲೆ ತೆಳುವಾಗಿ ಇನ್ನೊಂದು ಪದರ. ಅವಸರದಲ್ಲಿ ಮೊದಲ ಪದರವನ್ನೇ ಗುಡಿಸದೆ ಬಿಡುವುದು ಎಲ್ಲೆಲ್ಲೂ ಆಗುವ ತಪ್ಪು: ಎಣ್ಣೆ ಕುಡಿದ ಪುಡಿ ಎಣ್ಣೆಯಷ್ಟೇ ಜಾರುತ್ತದೆ. ಟ್ರ್ಯಾಕ್ ಜಾರುತ್ತದೆ ಎಂದು ಹೇಳುವ ಕೆಂಪು-ಹಳದಿ ಪಟ್ಟೆಯ ಬಾವುಟ ಕನಿಷ್ಠ ನಾಲ್ಕು ಲ್ಯಾಪ್ ಹೊರಗಿರಬೇಕು.

ಚೆಲ್ಲಿದ್ದು ಪೆಟ್ರೋಲ್ ಆದರೆ ಆರಿಹೋಯಿತು ಎಂದು ಬಿಡಬೇಡಿ. ಪೆಟ್ರೋಲ್, ಡೀಸೆಲ್ ಎರಡೂ ಡಾಂಬರನ್ನು ಕರಗಿಸುತ್ತವೆ, ಆ ಜಾಗದ ಕಲ್ಲು ಕೆಲವು ವಾರಗಳಲ್ಲಿ ಸಡಿಲವಾಗಿ ಏಳತೊಡಗುತ್ತದೆ. ರೇಸ್ ಮುಗಿದ ಮರುದಿನವೇ ಸಾಬೂನು ನೀರಿನಿಂದ ತಿಕ್ಕಿ, ನೊರೆ ಉಳಿಯದಂತೆ ಮೂರ್ನಾಲ್ಕು ಸಲ ಬರೀ ನೀರು ಹಾಯಿಸಿ, ಜಾಗದ ಸುತ್ತ ಪೇಂಟಿನಲ್ಲಿ ಗೆರೆ ಹಾಕಿಡಿ. ಮುಂದಿನ ಸಲದ ನಡಿಗೆಯಲ್ಲಿ ಅಲ್ಲಿ ಬೂಟಿನ ತುದಿಗೆ ಕಲ್ಲು ಕಿತ್ತುಬಂದರೆ ಅಷ್ಟು ಚೌಕವನ್ನು ಕತ್ತರಿಸಿ ಹೊಸದಾಗಿ ಹಾಕಬೇಕು.