ನಿಟ್ಟೂರು ದಾಟಿದರೆ ಶುರುವಾಗುತ್ತಿದ್ದ ಹೊಟ್ಟೆನೋವು

ತಿಪಟೂರಿನಿಂದ ಬೆಂಗಳೂರಿಗೆ ಬೆಳಗ್ಗೆ ಹೊರಡುವ ಬಸ್ಸಿನಲ್ಲಿ ನಾನು ಕಂಡಕ್ಟರ್. ಕೆ.ಬಿ. ಕ್ರಾಸ್, ನಿಟ್ಟೂರು, ಗುಬ್ಬಿ, ತುಮಕೂರು, ಡಾಬಸ್‌ಪೇಟೆ, ನೆಲಮಂಗಲ, ಮೆಜೆಸ್ಟಿಕ್. ಯಾವ ಸ್ಟಾಪಿನಲ್ಲಿ ಎಷ್ಟು ಜನ ಹತ್ತುತ್ತಾರೆ ಅನ್ನೋದು ನನಗೆ ಬಾಯಿಪಾಠ. ಎರಡು ವರ್ಷ ಅದಕ್ಕಿಂತ ಚೆನ್ನಾಗಿ ಬಾಯಿಪಾಠ ಆಗಿದ್ದದ್ದು ಬೇರೆ. ಎಲ್ಲೆಲ್ಲಿ ಶೌಚಾಲಯ ಇದೆ, ಯಾವುದಕ್ಕೆ ಬೆಳಗ್ಗೆ 6 ಗಂಟೆಗೆ ಇನ್ನೂ ಬೀಗ ಇರುತ್ತದೆ, ಯಾವ ಪೆಟ್ರೋಲ್ ಬಂಕಿನವರು ಬೈಯದೆ ಒಳಗೆ ಬಿಡುತ್ತಾರೆ.

ನಿಟ್ಟೂರು ದಾಟುತ್ತಿದ್ದಂತೆ ಹೊಟ್ಟೆಯ ಎಡಗಡೆ, ಕೆಳಗೆ, ನೋವು ಶುರುವಾಗುತ್ತಿತ್ತು. ಒದ್ದೆ ಬಟ್ಟೆ ಹಿಂಡಿದ ಹಾಗೆ. ಹಣೆಯಲ್ಲಿ ತಣ್ಣನೆ ಬೆವರು. ಕೈಯಲ್ಲಿ ಟಿಕೆಟ್ ಮಷೀನು, ಎದುರಿಗೆ ಚಿಲ್ಲರೆಗೆ ಕಾಯುತ್ತಿರುವ ಹುಡುಗ, ಬಸ್ಸಿನ ತುಂಬ ಜನ. ಒಂದು ಕೈಯಲ್ಲಿ ಮೇಲಿನ ಕಂಬಿ ಹಿಡಿದು, ಉಸಿರು ಬಿಗಿಹಿಡಿದು, ಗುಬ್ಬಿ ಬಂದರೆ ಸಾಕಪ್ಪಾ ಅಂತ ಕಾಯುತ್ತಿದ್ದೆ.

ಇದು ಶುರುವಾಗಿದ್ದು ಒಂದು ಮದುವೆ ಊಟದ ನಂತರ. ಊಟ ಮಾಡಿದವರಲ್ಲಿ ಸುಮಾರು ಜನಕ್ಕೆ ವಾಂತಿ, ಭೇದಿ. ಮೂರ್ನಾಲ್ಕು ದಿನದಲ್ಲಿ ಎಲ್ಲರೂ ಸರಿಹೋದರು. ನನಗೆ ಮಾತ್ರ ಹೊಟ್ಟೆ ಮೊದಲಿನ ಹಾಗೆ ಆಗಲೇ ಇಲ್ಲ. ನಾನು ಮಾಡಿದ ತಪ್ಪು ಅಂದರೆ, ಯಾರನ್ನೂ ಕೇಳದೆ ಮೆಡಿಕಲ್ ಸ್ಟೋರಿನಿಂದ ಆಂಟಿಬಯೋಟಿಕ್ ತಂದು ಮೂರು ಸಲ ನುಂಗಿದೆ. ಅದು ಬೇಡದ ಕ್ರಿಮಿಯ ಜೊತೆಗೆ ಕರುಳಿಗೆ ಬೇಕಾದ ಬ್ಯಾಕ್ಟೀರಿಯಾವನ್ನೂ ಸಾಯಿಸುತ್ತದೆ ಅಂತ ಆಗ ಗೊತ್ತಿರಲಿಲ್ಲ. ಒಬ್ಬ ಮನುಷ್ಯನ ಮೈಯಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾ ಇವೆ ಅಂತ ವಿಜ್ಞಾನಿಗಳು 2016ರಲ್ಲಿ ಲೆಕ್ಕ ಹಾಕಿದ್ದಾರೆ. ಹೆಚ್ಚೂಕಡಿಮೆ ಎಲ್ಲವೂ ದೊಡ್ಡ ಕರುಳಿನಲ್ಲೇ. ನಾವು ಅರಗಿಸಲಾಗದ ನಾರನ್ನು ಅವು ತಿಂದು, ಕರುಳಿನ ಒಳಪದರಕ್ಕೆ ಆಹಾರವಾಗುವ ಆಮ್ಲಗಳನ್ನು ಮಾಡಿಕೊಡುತ್ತವೆ.

ಹೊಟ್ಟೆಯ ಜೊತೆ ಮನಸ್ಸೂ ಕೆಟ್ಟಿತು. ಸಣ್ಣ ಮಾತಿಗೂ ಸಿಡುಕುತ್ತಿದ್ದೆ. ಮದುವೆ, ತಿಥಿ, ಜಾತ್ರೆ ಎಲ್ಲ ಬಿಟ್ಟೆ. ಮಗಳ ಶಾಲಾ ವಾರ್ಷಿಕೋತ್ಸವದಲ್ಲಿ ಅವಳು ಸ್ಟೇಜ್ ಮೇಲಿಂದ ಮುಂದಿನ ಸಾಲಿನಲ್ಲಿ ನನ್ನನ್ನು ಹುಡುಕುತ್ತಿದ್ದಳು. ನಾನು ಹಿಂದೆ, ಬಾಗಿಲ ಪಕ್ಕ ನಿಂತಿದ್ದೆ. ರಾತ್ರಿ ಮಲಗಿದರೆ ನಾಳೆಯ ಡ್ಯೂಟಿಯದೇ ಭಯ. ನಿದ್ದೆ ಕೆಟ್ಟರೆ ಬೆಳಗ್ಗೆ ಹೊಟ್ಟೆ ಇನ್ನೂ ಜಾಸ್ತಿ ಕೆಡುತ್ತಿತ್ತು.

ರಕ್ತ, ಮಲ, ಸ್ಕ್ಯಾನಿಂಗ್, ಕೊನೆಗೆ ದೊಡ್ಡ ಕರುಳಿನೊಳಗೆ ಕ್ಯಾಮೆರಾ ಬಿಟ್ಟು ನೋಡುವ ಕೊಲೊನೋಸ್ಕೋಪಿ. ಎಲ್ಲ ನಾರ್ಮಲ್. ಒಬ್ಬ ಡಾಕ್ಟರು ರಿಪೋರ್ಟ್ ಮಡಚಿಟ್ಟು, "ನಿಮಗೇನೂ ಇಲ್ಲ, ಸುಮ್ನೆ ಟೆನ್ಶನ್" ಅಂದರು. ಆ ಮಾತಿನಿಂದ ಆದ ನೋವು ಹೊಟ್ಟೆನೋವಿಗಿಂತ ದೊಡ್ಡದು. ನಾನು ಸುಳ್ಳು ಹೇಳುತ್ತಿದ್ದೇನೆ ಅಂತ ಮನೆಯವರೂ ಅಂದುಕೊಂಡರೆ ಏನು ಮಾಡಲಿ ಅನ್ನಿಸಿತು.

ಇನ್ನೊಬ್ಬ ಡಾಕ್ಟರು ಅದೇ ರಿಪೋರ್ಟ್ ನೋಡಿ ಬೇರೆ ಮಾತು ಹೇಳಿದರು. "ಏನೂ ಇಲ್ಲ ಅಂತಲ್ಲ. ಇರೋದು ಸ್ಕ್ಯಾನಿಂಗಲ್ಲಿ ಕಾಣಲ್ಲ, ಅಷ್ಟೇ." ಹೆಸರು ಐಬಿಎಸ್, ಅಂದರೆ ಇರಿಟಬಲ್ ಬವೆಲ್ ಸಿಂಡ್ರೋಮ್. ಮೂರು ತಿಂಗಳಿಂದ ವಾರಕ್ಕೆ ಒಂದು ದಿನವಾದರೂ ಹೊಟ್ಟೆನೋವು, ಅದರ ಜೊತೆಗೆ ಮಲ ಹೋಗುವ ರೀತಿಯಲ್ಲಿ ಬದಲಾವಣೆ ಇದ್ದರೆ ಹಾಗೆ ಗುರುತಿಸುತ್ತಾರೆ. ಹೊಟ್ಟೆಗೆ ಸೋಂಕು ಬಂದು ಹೋದವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಇದು ಉಳಿದುಕೊಳ್ಳುತ್ತದಂತೆ. ಮಲದಲ್ಲಿ ರಕ್ತ, ತೂಕ ಇಳಿಯುವುದು, ಜ್ವರ, ರಕ್ತಹೀನತೆ, ನಿದ್ದೆಯಿಂದ ಎಬ್ಬಿಸುವ ಭೇದಿ, 45 ದಾಟಿದ ಮೇಲೆ ಹೊಸದಾಗಿ ಶುರುವಾದ ತೊಂದರೆ, ಇವುಗಳಲ್ಲಿ ಯಾವುದಿದ್ದರೂ ಐಬಿಎಸ್ ಅಂತ ನೀವೇ ತೀರ್ಮಾನಿಸಬೇಡಿ. ಮೊದಲು ಪರೀಕ್ಷೆ ಮಾಡಿಸಿ. ನಾನು ಮುಂದೆ ಹೇಳುವುದೆಲ್ಲ ಪರೀಕ್ಷೆ ಮುಗಿದ ಮೇಲಿನ ಕಥೆ.

ಕರುಳಿನ ಗೋಡೆಯಲ್ಲೇ 10 ಕೋಟಿಗೂ ಹೆಚ್ಚು ನರಕೋಶ ಇವೆ ಅಂತ ಅವರು ಹೇಳಿದಾಗ ನಾನು ನಂಬಲಿಲ್ಲ. ಮೆದುಳಿನಿಂದ ಹೊಟ್ಟೆಗೆ ವೇಗಸ್ ಅಂತ ಒಂದು ದೊಡ್ಡ ನರ ಇದೆ. ಅದರ ಎಳೆಗಳಲ್ಲಿ ನೂರಕ್ಕೆ ಸುಮಾರು 80 ಭಾಗ ಕೆಳಗಿನ ಸುದ್ದಿಯನ್ನು ಮೇಲಕ್ಕೆ ಹೊರುತ್ತವೆ, ಉಳಿದವು ಮಾತ್ರ ಮೇಲಿನ ಆಜ್ಞೆಯನ್ನು ಕೆಳಗೆ ತರುತ್ತವೆ. ಹೊಟ್ಟೆ ಕೆಟ್ಟರೆ ತಲೆಗೆ ಗೊತ್ತಾಗುತ್ತದೆ, ತಲೆ ಕೆಟ್ಟರೆ ಹೊಟ್ಟೆಗೆ ಗೊತ್ತಾಗುತ್ತದೆ. ಕರುಳು ಚುರ್ ಅಂತು, ಹೊಟ್ಟೆಕಿಚ್ಚು ಅಂತ ನಮ್ಮ ಹಿರಿಯರು ಸುಮ್ಮನೆ ಹೇಳಿದ್ದಲ್ಲ. ಅಂದಹಾಗೆ, ಖುಷಿಯ ರಾಸಾಯನಿಕ ಅಂತ ಜನ ಕರೆಯುವ ಸೆರೊಟೋನಿನ್ ಶೇ. 90ರಷ್ಟು ಕರುಳಿನಲ್ಲೇ ತಯಾರಾಗುತ್ತದೆ, ಹಾಗಾಗಿ ಮೊಸರು ತಿಂದರೆ ಖುಷಿ ಬರುತ್ತದೆ ಅನ್ನುವ ವಿಡಿಯೋಗಳು ಬೇಕಾದಷ್ಟಿವೆ. ತಯಾರಾಗುವುದು ನಿಜ. ಆದರೆ ಅಲ್ಲಿ ತಯಾರಾದದ್ದು ಮೆದುಳಿನ ಒಳಗೆ ಹೋಗುವುದಿಲ್ಲ. ಅದರ ಕೆಲಸ ಕರುಳನ್ನು ಆಡಿಸುವುದು. ಇಷ್ಟು ಸಲೀಸಾದ ಮಾತುಗಳನ್ನು ನಂಬಿ ನಾನು ತುಂಬಾ ದುಡ್ಡು ಕಳೆದಿದ್ದೇನೆ, ಅದಕ್ಕೆ ಹೇಳಿದೆ.

ಡಾಕ್ಟರು ಕೊಟ್ಟ ಮೊದಲ ಕೆಲಸ ಬರೆಯುವುದು. ಬರೆಯುವುದು ನನಗೆ ಹೊಸದಲ್ಲ. ದಿನಾ ಟಿಕೆಟ್ ಲೆಕ್ಕದ ವೇ ಬಿಲ್ ಬರೆಯುವವನು ನಾನು. ಅದೇ ರೀತಿ ಒಂದು ಉದ್ದ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದೆ. ಎಷ್ಟು ಗಂಟೆಗೆ ಎದ್ದೆ, ಏನು ತಿಂದೆ, ಎಷ್ಟು ಗಂಟೆಗೆ ತಿಂದೆ, ನೋವು ಯಾವ ಊರಿನಲ್ಲಿ ಬಂತು, ಮನಸ್ಸು ಹೇಗಿತ್ತು, ನಿದ್ದೆ ಎಷ್ಟು. 21 ದಿನ ಬಿಡದೆ ಬರೆದೆ.

ಮೂರನೇ ವಾರದ ಭಾನುವಾರ ಜಗಲಿ ಮೇಲೆ ಕೂತು ಎಲ್ಲ ಪುಟ ತಿರುವಿದೆ. ಖಾರ ತಿಂದದ್ದಕ್ಕೆ ಹೀಗಾಗುತ್ತಿದೆ ಅಂದುಕೊಂಡಿದ್ದೆ. ಪುಸ್ತಕ ಬೇರೆಯೇ ಹೇಳುತ್ತಿತ್ತು. 17 ದಿನ ಡ್ಯೂಟಿಯಲ್ಲಿ 11 ದಿನ ತೊಂದರೆ. 4 ದಿನ ರಜೆಯಲ್ಲಿ ಒಂದು ದಿನವೂ ಇಲ್ಲ. ಆ ರಜೆಯಲ್ಲೇ ತಂಗಿ ಮನೆ ಗೃಹಪ್ರವೇಶಕ್ಕೆ ಹೋಗಿ ಹೋಳಿಗೆ, ಹೋಳಿಗೆ ಸಾರು, ಕೋಸಂಬರಿ ಎಲ್ಲ ಹೊಟ್ಟೆ ತುಂಬ ತಿಂದಿದ್ದೆ. ಏನೂ ಆಗಿರಲಿಲ್ಲ. ಇನ್ನೊಂದು ವಿಷಯ. ನೋವು ಬಂದ ದಿನಗಳಲ್ಲಿ ಹೆಚ್ಚಿನವು ಬಸ್ ಸ್ಟ್ಯಾಂಡಿನಲ್ಲಿ ಗಡಿಬಿಡಿಯಲ್ಲಿ ತಿಂಡಿ ತಿಂದು, ಟೀ ಕುಡಿದು ಬಸ್ ಹತ್ತಿದ ದಿನಗಳು. ತಿಂದ ಅರ್ಧ ಮುಕ್ಕಾಲು ಗಂಟೆಗೆ ನೋವು. ಅಷ್ಟರಲ್ಲಿ ಬಸ್ ಸರಿಯಾಗಿ ನಿಟ್ಟೂರಿನ ಹತ್ತಿರ ಇರುತ್ತಿತ್ತು.

ಪುಸ್ತಕ ನೋಡಿ ಡಾಕ್ಟರು ನಕ್ಕು ತಲೆದೂಗಿದರು. ಹೊಟ್ಟೆಗೆ ಏನಾದರೂ ಬಿದ್ದರೆ ದೊಡ್ಡ ಕರುಳು ಜಾಗ ಮಾಡಿಕೊಡಲು ಚುರುಕಾಗುತ್ತದೆ. ಎಲ್ಲರಿಗೂ ಹೀಗೇ, ಬೆಳಗ್ಗೆ ಹೊತ್ತು ಇನ್ನೂ ಜೋರು. ಐಬಿಎಸ್ ಇರುವವರಿಗೆ ಅದು ಅತಿಯಾಗಿ ತಟ್ಟುತ್ತದೆ. ಅದನ್ನು ನಿಲ್ಲಿಸಲು ಆಗುವುದಿಲ್ಲ, ಆದರೆ ಮನೆಯಲ್ಲೇ ಮುಗಿಸಿಕೊಂಡು ಹೊರಡಬಹುದು. ಅಂದಿನಿಂದ ನಾನು 4 ಗಂಟೆಗೆ ಏಳುತ್ತೇನೆ. ಒಂದು ಲೋಟ ಬಿಸಿನೀರು, ಎರಡು ಇಡ್ಲಿ ಅಥವಾ ಸ್ವಲ್ಪ ಗಂಜಿ. ಆಮೇಲೆ ಅವಸರ ಇಲ್ಲದೆ ಮುಕ್ಕಾಲು ಗಂಟೆ ಮನೆಯಲ್ಲೇ. ಮೊದಲ ವಾರದಲ್ಲೇ ಅರ್ಧದಷ್ಟು ತೊಂದರೆ ಇಳಿಯಿತು. ಒಂದು ಮಾತ್ರೆಯೂ ಇಲ್ಲದೆ!

ಊಟದ ವಿಷಯಕ್ಕೆ ಬಂದರೆ, ಮೆಲ್ಬರ್ನಿನ ಮೊನಾಶ್ ವಿಶ್ವವಿದ್ಯಾಲಯದವರು ಬೆಳೆಸಿದ ಲೋ ಫಾಡ್‌ಮ್ಯಾಪ್ ಅನ್ನುವ ಪದ್ಧತಿಯನ್ನು ಡಯಟಿಷಿಯನ್ ಹೇಳಿಕೊಟ್ಟರು. ಸಣ್ಣ ಕರುಳಿನಲ್ಲಿ ಸರಿಯಾಗಿ ಹೀರಿಕೊಳ್ಳದೆ ಮುಂದೆ ಹೋಗಿ ಗ್ಯಾಸ್ ಎಬ್ಬಿಸುವ ಪದಾರ್ಥಗಳನ್ನು ಕೆಲವು ವಾರ ಬಿಟ್ಟು, ಆಮೇಲೆ ಒಂದೊಂದಾಗಿ ತಿಂದು ನೋಡುವುದು. ಈರುಳ್ಳಿ, ಬೆಳ್ಳುಳ್ಳಿ, ಗೋಧಿ, ಹಾಲು, ಅವರೆ, ಕಡಲೆ. ನಾಲ್ಕು ವಾರ ಇವೆಲ್ಲ ಬಂದ್. ನನ್ನ ಹೆಂಡತಿ ಕೇಳಿದ ಮೊದಲ ಪ್ರಶ್ನೆ, "ಬೆಳ್ಳುಳ್ಳಿ ಇಲ್ದೆ ಒಗ್ಗರಣೆ ಹೆಂಗ್ರೀ ಹಾಕೋದು?" ಅದಕ್ಕೂ ದಾರಿ ಇತ್ತು. ಬೆಳ್ಳುಳ್ಳಿಯಲ್ಲಿ ಗ್ಯಾಸ್ ಮಾಡುವ ಅಂಶ ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ. ಹಾಗಾಗಿ ಎಸಳುಗಳನ್ನು ಎಣ್ಣೆಯಲ್ಲಿ ಕೆಂಪಗೆ ಮಾಡಿ ತೆಗೆದುಹಾಕಿ, ಆ ಎಣ್ಣೆಯಲ್ಲೇ ಸಾಸಿವೆ, ಇಂಗು ಹಾಕುತ್ತಿದ್ದಳು. ಸಾರಿಗೆ ಘಮ ಬರುತ್ತಿತ್ತು, ಹೊಟ್ಟೆಗೆ ಏನೂ ಆಗುತ್ತಿರಲಿಲ್ಲ.

ನಾಲ್ಕು ವಾರದ ನಂತರ ಮೂರು ಮೂರು ದಿನಕ್ಕೆ ಒಂದೊಂದು ಪದಾರ್ಥ ತಿಂದು ನೋಡಿದೆ. ಇದನ್ನು ಬಹಳ ಜನ ಮಾಡುವುದಿಲ್ಲ, ಎಲ್ಲ ಬಿಟ್ಟು ಹಾಗೇ ಉಳಿದುಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಬಿಟ್ಟದ್ದರಲ್ಲಿ ಬಹುಪಾಲು ಕರುಳಿನ ಬ್ಯಾಕ್ಟೀರಿಯಾಕ್ಕೆ ಬೇಕಾದ ಆಹಾರವೇ. ನನಗೆ ಎರಡು ಚಪಾತಿ ಒಗ್ಗುತ್ತದೆ, ನಾಲ್ಕು ಒಗ್ಗುವುದಿಲ್ಲ. ಬೆಂದ ಈರುಳ್ಳಿ ಸ್ವಲ್ಪ ಪರವಾಗಿಲ್ಲ, ಹಸಿ ಈರುಳ್ಳಿ ಬೇಡ. ದಿನಕ್ಕೆ ಆರು ಟೀ ಕುಡಿಯುತ್ತಿದ್ದವನು ಎರಡಕ್ಕೆ ಬಂದೆ. ಮನೆ ಮೊಸರಿನ ಮಜ್ಜಿಗೆ ಚೆನ್ನಾಗಿ ಒಗ್ಗಿತು. ರಾತ್ರಿ ಅನ್ನದ ಬದಲು ಒಂದು ಸಣ್ಣ ಮುದ್ದೆ, ಸೊಪ್ಪಿನ ಸಾರು. 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರು, ಬಿಳಿ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಆದರೆ ನಾರನ್ನು ಒಂದೇ ಸಲ ಜಾಸ್ತಿ ಮಾಡಿದರೆ ಹೊಟ್ಟೆ ಉಬ್ಬರಿಸುತ್ತದೆ. ಮೊದಲ ವಾರ ಅರ್ಧ ಮುದ್ದೆ ಸಾಕು. ಪ್ರತಿ ಸ್ಟ್ಯಾಂಡಿನಲ್ಲೂ ಬಿಸ್ಕತ್ತು, ಚಕ್ಕುಲಿ ಅಂತ ಬಾಯಾಡಿಸುವುದನ್ನೂ ಬಿಟ್ಟೆ. ಹೊಟ್ಟೆ ಖಾಲಿ ಇದ್ದಾಗಲೇ ಸಣ್ಣ ಕರುಳು ಉಳಿದದ್ದನ್ನೆಲ್ಲ ಗುಡಿಸಿ ಮುಂದೆ ತಳ್ಳುವುದು. ಆಗಾಗ ಏನಾದರೂ ತಿನ್ನುತ್ತಿದ್ದರೆ ಆ ಕೆಲಸ ನಡೆಯುವುದಿಲ್ಲ.

ಇಷ್ಟೆಲ್ಲ ಮಾಡಿದರೂ ನಿಟ್ಟೂರಿನ ಭಯ ಮಾತ್ರ ಹೋಗಲಿಲ್ಲ. ತಿಂಡಿಯೇ ತಿನ್ನದೆ ಹೊರಟ ದಿನವೂ ನಿಟ್ಟೂರಿನಲ್ಲಿ ಹೊಟ್ಟೆ ಗುಡುಗುಡು ಅನ್ನುತ್ತಿತ್ತು. ಹೊಟ್ಟೆಗೆ ಜಾಗದ ನೆನಪು ಬಂದುಬಿಟ್ಟಿತ್ತು.

ನನ್ನ ಡ್ರೈವರ್ ನನಗಿಂತ ಹತ್ತು ವರ್ಷ ದೊಡ್ಡವರು. ಒಂದು ದಿನ ಡಿಪೋದಲ್ಲಿ ಅವರು ಗಾಜು ಒರೆಸುತ್ತಿದ್ದಾಗ ಧೈರ್ಯ ಮಾಡಿ ಹೇಳಿದೆ. "ಅಣ್ಣಾ, ನಂಗೆ ಹೊಟ್ಟೆದು ಹಿಂಗೊಂದು ತೊಂದ್ರೆ ಐತೆ. ದಾರೀಲಿ ಎಲ್ಲಾದ್ರೂ ನಿಲ್ಸಿ ಅಂದ್ರೆ ನಿಲ್ಲುಸ್ತೀರಾ?" ಬಟ್ಟೆ ಕೈಯಲ್ಲೇ ಹಿಡಿದು ಅವರು ನನ್ನ ಮುಖ ನೋಡಿದರು. "ಎರಡು ವರ್ಷದಿಂದ ಜೊತೇಲಿ ಬತ್ತಿದ್ದೀಯ, ಇವತ್ತು ಹೇಳ್ತಿದ್ದೀಯಲ್ಲೋ. ಮೂರು ಸಲ ವಿಷಲ್ ಹಾಕು. ಬಂಕ್ ಹತ್ರ ಸೈಡಿಗೆ ಹಾಕ್ತೀನಿ. ಜನ ಕೇಳುದ್ರೆ ಟೈರು ನೋಡ್ಬೇಕು ಅಂತೀನಿ." ನನಗೆ ಕಣ್ಣು ತುಂಬಿ ಬಂತು.

ಮುಂದಿನ ಐದು ತಿಂಗಳಲ್ಲಿ ಮೂರು ವಿಷಲ್ ಹಾಕಿದ್ದು ಎರಡೇ ಸಲ. ನಿಲ್ಲಿಸಬಹುದು ಅಂತ ಗೊತ್ತಾದ ಮೇಲೆ ನಿಲ್ಲಿಸುವ ಅಗತ್ಯವೇ ಹೆಚ್ಚಾಗಿ ಬೀಳಲಿಲ್ಲ. ಇಡೀ ಚಿಕಿತ್ಸೆಯಲ್ಲಿ ನನಗೆ ಅತಿ ಹೆಚ್ಚು ಉಪಕಾರ ಆದದ್ದು ಇದೇ, ಊಟವೂ ಅಲ್ಲ, ಮಾತ್ರೆಯೂ ಅಲ್ಲ.

ಹಾಗಂತ ಮಾತ್ರೆ ಬೇಡ ಅನ್ನುತ್ತಿಲ್ಲ. ರಾತ್ರಿ ಮಲಗುವಾಗ ಸಣ್ಣ ಡೋಸಿನ ಒಂದು ಮಾತ್ರೆ ಆರು ತಿಂಗಳು ತಗೊಂಡೆ. ದೊಡ್ಡ ಡೋಸಿನಲ್ಲಿ ಅದು ಖಿನ್ನತೆಗೆ ಕೊಡುವ ಮಾತ್ರೆ ಅಂತ ತಿಳಿದು ಮೊದಲು ಹೆದರಿದ್ದೆ. ಸಣ್ಣ ಡೋಸಿನಲ್ಲಿ ಕರುಳಿನ ನರಗಳ ಅತಿ ಸೂಕ್ಷ್ಮವನ್ನು ಇಳಿಸುತ್ತದೆ ಅಂತ ಡಾಕ್ಟರು ಬಿಡಿಸಿ ಹೇಳಿದರು. ಶುರು ಮಾಡಿದ್ದೂ ಬಿಟ್ಟದ್ದೂ ಅವರನ್ನು ಕೇಳಿಯೇ. ಜೊತೆಗೆ ಡ್ಯೂಟಿಗೆ ಮೊದಲು ಐದು ನಿಮಿಷ ಉಸಿರಾಟ. ನಾಲ್ಕು ಎಣಿಸುವವರೆಗೆ ಒಳಗೆ, ಆರು ಎಣಿಸುವವರೆಗೆ ಹೊರಗೆ. ಮನಸ್ಸು ತೀರಾ ಕುಗ್ಗಿದ ಒಂದು ರಾತ್ರಿ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿದ್ದೆ. ಕನ್ನಡದಲ್ಲೇ ಮಾತಾಡಿದರು. ದುಡ್ಡಿಲ್ಲ, ಹೆಸರು ಹೇಳಲೇಬೇಕು ಅಂತಿಲ್ಲ. ನಿಮಗೂ ಬೇಕಾದರೆ ನಂಬರ್ ಬರೆದಿಟ್ಟುಕೊಳ್ಳಿ.

ಈಗ ತಿಂಗಳಿಗೆ ಒಂದೋ ಎರಡೋ ದಿನ ಹೊಟ್ಟೆ ಕೆಡುತ್ತದೆ. ಪೂರ್ತಿ ಹೋಗಿಲ್ಲ, ಹೋಗಬೇಕು ಅಂತ ನಾನು ಹಟ ಹಿಡಿದೂ ಇಲ್ಲ. ಕೆಟ್ಟ ದಿನ ಪುಸ್ತಕ ತೆಗೆದರೆ ಹೆಚ್ಚಾಗಿ ಕಾರಣ ಸಿಗುತ್ತದೆ, ನೈಟ್ ಹಾಲ್ಟ್‌ನಲ್ಲಿ ನಿದ್ದೆ ಇಲ್ಲದ್ದೋ, ಕಲೆಕ್ಷನ್ ಕಟ್ಟುವಾಗ ದುಡ್ಡು ಕಮ್ಮಿ ಬಂದದ್ದೋ. ಈ ಸಲದ ವಾರ್ಷಿಕೋತ್ಸವದಲ್ಲಿ ಎರಡನೇ ಸಾಲಿನಲ್ಲಿ ಕೂತಿದ್ದೆ.

ಇನ್ನೂ ತಿಂದು ನೋಡದೇ ಇರುವುದು ಅವರೆಕಾಯಿ ಒಂದೇ. ಎರಡು ಚಳಿಗಾಲ ಮನೆಯವರೆಲ್ಲ ಹಿತಕಿದಬೇಳೆ ಸಾರು ತಿನ್ನುವಾಗ ನಾನು ಸೊಪ್ಪಿನ ಸಾರು ತಿಂದಿದ್ದೇನೆ. ಈ ಜನವರಿಯಲ್ಲಿ, ರಜೆ ಇರುವ ದಿನ, ಮೊದಲು ಒಂದೇ ಒಂದು ಸೌಟು. ಪುಸ್ತಕದಲ್ಲಿ ಮೂರು ದಿನದ ಪುಟ ಈಗಲೇ ಗೆರೆ ಹಾಕಿ ಇಟ್ಟಿದ್ದೇನೆ.